ಹಸುವಿನ ಮುಂದೆ ನನ್ನ ಭಾಷಣ

ದೇಶವಿದೇಶಗಳ ಊರೂರು ಸುತ್ತಿ ಆರೋಗ್ಯದ ಭಾಷಣ ಬಿಗಿಯುತ್ತಿದ್ದ ಕಾಲವದು. ಕೆರಗೋಡಿನಲ್ಲಿ ನಾನು ಇಳಿದುಕೊಂಡಿದ್ದ ಮನೆಯ ಅಜ್ಜಿ ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕೂತಿದ್ದಳು. ಮನೆಯ ಕೂಸಿನ ತಾಯಿ ಜ್ವರದಿಂದ ಮಲಗಿದ್ದಳು, ಹಸಿದ ಕೂಸು ಒಳಗೆ ಅಳುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಕೈಯಲ್ಲಿದ್ದ ಕೊಡೆ ಆಡಿಸುತ್ತ ಶುರುಮಾಡಿದೆ: "ಕರು ಬಾಯಿ ಹಾಕಿದರೆ ಮಿದುಳಿನಡಿಯ ಗ್ರಂಥಿ ರಕ್ತಕ್ಕೊಂದು ರಸ ಬಿಡುತ್ತೆ, ಹಾಲು ಇಳಿಯುತ್ತೆ. ಹಸು ಹೆದರಿದರೆ ಮೂತ್ರಪಿಂಡದ ಮೇಲಿನ ಗ್ರಂಥಿಯ ರಸ ಅದನ್ನು ತಡೆಯುತ್ತೆ."

ಕರು ಬಿಟ್ಟರೂ ಹಸು ಒಂದು ತೊಟ್ಟು ಇಳಿಸಲಿಲ್ಲ. ಕೂಸಿನ ಅಳು ಜೋರಾಯಿತು.

"ರಸ ಗಿಸ ನಾ ಕಾಣೆ ಕಣವ್ವ," ಎಂದಳು ಅಜ್ಜಿ. "ನಿನ್ ಕೊಡೆ ನೋಡಿ ಬೆದರವ್ಳೆ. ವಸಿ ಆಚಿಕ್ ಓಗು."

ಹೋದೆ. ಸ್ವಲ್ಪ ಹೊತ್ತಿಗೆ ಚೆಂಬಿನಲ್ಲಿ ಹಾಲಿನ ಸದ್ದು ಕೇಳಿಸಿತು. ಆಮೇಲೆ ಅಳುವೂ ನಿಂತಿತು. ನಾಲ್ಕು ದೇಶದಲ್ಲಿ ಹೇಳಿದ ಪಾಠ ರುಜುವಾತಾದದ್ದು ಅದೊಂದೇ ಸಲ. ಅದನ್ನು ನೋಡಲು ನನಗೆ ಮಾತ್ರ ಕೊಟ್ಟಿಗೆಯೊಳಗೆ ಜಾಗವಿರಲಿಲ್ಲ.