ಮಾಲಿನಲ್ಲಿ ಜಾರಿದ ಪ್ಯಾಂಟು

ಕಾಮಾಲೆಯಿಂದ ಎದ್ದ ಮೇಲೆ ನನ್ನ ಒಂದು ಪ್ಯಾಂಟೂ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ದುಬೈಯ ಅಲ್ ಕೂಜ್‌ನ ಗೋದಾಮೊಂದರ ಆಫೀಸಿನಲ್ಲಿ ನಾನು ಲೆಕ್ಕ ಬರೆಯುವವನು. ವಯಸ್ಸು ನಲವತ್ತೈದು ದಾಟಿತ್ತು. ಮೈ ಹೇಗೂ ಮತ್ತೆ ಬರುತ್ತದಲ್ಲ ಎಂದುಕೊಂಡು, ಬೆಲ್ಟಿಗೆ ಮೊಳೆಯಿಂದ ಇನ್ನೊಂದು ತೂತು ಹೊಡೆದು ಸುಧಾರಿಸುತ್ತಿದ್ದೆ.

ಆ ಶುಕ್ರವಾರ, ವಾರದ ರಜೆಯ ದಿನ, ಅಲ್ ಬರ್ಷಾದ ಮಾಲಿಗೆ ಹೋದೆವು. ಹೆಂಡತಿ ಮತ್ತು ಮಗಳು ಶೂ ನೋಡಲು ಮೇಲಿನ ಮಹಡಿಗೆ ಹೋದರು. ನಾನು ಎರಡೂ ಕೈಯಲ್ಲಿ ಸಾಮಾನಿನ ಚೀಲ ಹಿಡಿದು ಬಾಗಿಲ ಕಡೆ ಹೊರಟೆ. ಬೆಲ್ಟಿನ ತೂತು ಹರಿದದ್ದು ಗೊತ್ತಾದದ್ದು ಹಿಂದಿನಿಂದ ಮಕ್ಕಳ ನಗು ಕೇಳಿದಾಗ. ಪ್ಯಾಂಟು ಅರ್ಧ ಇಳಿದು ಪಟ್ಟೆಪಟ್ಟೆ ಚಡ್ಡಿ ಕಾಣುತ್ತಿತ್ತು. ಆ ಮಕ್ಕಳ ತಾಯಿ ಅಷ್ಟರಲ್ಲಿ ಸೆಕ್ಯುರಿಟಿಯವನನ್ನು ಕರೆದಾಗಿತ್ತು.

“ಭಾಯ್, ಪ್ಯಾಂಟ್ ಊಪರ್ ಕರೋ,” ಎಂದ ಅವನು. “ಫ್ಯಾಮಿಲಿ ಲೋಗ್ ಆತೇ ಹೈ. ಯೆ ಫ್ಯಾಷನ್ ಬಾಹರ್!” ಸಂಸಾರಸ್ಥರು ಬರುವ ಜಾಗವಿದು ಎಂದು ಗದರಿ, ಸಭ್ಯ ಉಡುಪು ಧರಿಸಿ ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದ ಫಲಕವನ್ನು ಬೆರಳು ಮಾಡಿ ತೋರಿಸಿದ.

ಫ್ಯಾಷನ್ನಂತೆ! ಜಾರುವ ಜೀನ್ಸ್ ಹಾಕಿದ ಹುಡುಗರೆಲ್ಲ ಪೋಲಿಗಳು ಎಂಬುದು ನಮ್ಮ ಆಫೀಸಿನಲ್ಲಿ ಯಾರೂ ಪ್ರಶ್ನಿಸದ ಮಾತು. ಹಾಗೆ ತಿರುಗಿದರೆ ಪೊಲೀಸರು ಹಿಡಿಯುತ್ತಾರೆ, ವೀಸಾ ಖಲಾಸ್ ಎಂದೂ ಯಾರೋ ಹೇಳಿದ್ದರು. ನಿಜವೋ ಸುಳ್ಳೋ, ಆ ಗಳಿಗೆಯಲ್ಲಿ ಅದೇ ನೆನಪಾಯಿತು. ಚೀಲ ಕೆಳಗಿಟ್ಟು ಎರಡೂ ಕೈಯಿಂದ ಪ್ಯಾಂಟು ಎತ್ತಿ ಹಿಡಿದೆ.

ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. “ಲೇಬರ್ ಕ್ಯಾಂಪಿನವನಿರ್ಬೇಕು,” ಎಂದಳು ಒಬ್ಬಳು ನಮ್ಮ ಕರಾವಳಿಯ ಕನ್ನಡದಲ್ಲಿ. “ಶುಕ್ರವಾರ ಬಂದ್ರೆ ಇವರದ್ದು ಹೀಗೇ ಮಾರಾಯ್ತಿ.”

ಸುಮ್ಮನಿರಬಹುದಿತ್ತು. ಆದರೆ, “ನನಗೆ ಹುಷಾರಿರಲಿಲ್ಲಮ್ಮ, ಅದಕ್ಕೇ ಹೀಗೆ,” ಎಂದುಬಿಟ್ಟೆ. ಭಿಕ್ಷೆ ಬೇಡುವ ದನಿಯಂತೆ ನನಗೇ ಕೇಳಿಸಿತು.

ಅವಳ ಮುಖ ಕೆಂಪಾಯಿತು. ಏನಾದರೂ ಹೇಳಬೇಕಲ್ಲ ಎಂದೋ ಏನೋ, “ಓ, ನಮ್ಮವರಾ? ನಿಮಗೆ ಊರೆಲ್ಲಿ?” ಎಂದಳು.

ನಿಜ ಹೇಳಿ ಉಡುಪಿ ಎಂದರೆ ಯಾವ ಮನೆ, ಯಾರ ಮಗ ಎಂದು ಕೇಳುತ್ತಾಳೆ. “ಬನಿಯಾಸ್,” ಎಂದೆ. ಅಬುಧಾಬಿಯ ಆ ಬನಿಯಾಸಿನಲ್ಲಿ ನಾನು ಒಂದು ರಾತ್ರಿಯೂ ಉಳಿದವನಲ್ಲ.

ಅಷ್ಟರಲ್ಲಿ ನನ್ನವರು ಕೆಳಗಿಳಿದು ಬಂದರು. “ಪಪ್ಪಾ, ಎವ್ರಿವನ್ ಈಸ್ ಲುಕಿಂಗ್,” ಎಂದು ಮಗಳು ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು. ಹೆಂಡತಿ ನನ್ನನ್ನು ಕಂಬದ ಹಿಂದಕ್ಕೆ ಎಳೆದು, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದಳು.

“ಉಸಿರು ಎಳೀರಿ. ಅಲ್ಲಾಡ್ಬೇಡಿ,” ಎಂದು ಸೊಂಟದ ಬಟ್ಟೆ ಮಡಚಿ ಚುಚ್ಚಿದಳು. ಮಗಳು ನಮಗೆ ಬೆನ್ನು ಹಾಕಿ ಅಡ್ಡ ನಿಂತಳು. ಮರೆಯಾಗಲೆಂದೋ, ನೋಡಲಾರದೆಯೋ, ನಾನು ಇವತ್ತಿಗೂ ಕೇಳಿಲ್ಲ.

ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕಿದರೂ ನಿಂತೇ ಬಂದೆ. ಮರುದಿನ ಹೆಂಡತಿ ಪ್ಯಾಂಟುಗಳನ್ನೆಲ್ಲ ಟೈಲರಿಗೆ ಕೊಟ್ಟು ಸಣ್ಣ ಮಾಡಿಸಿದಳು. ಬೇಸಿಗೆ ಮುಗಿಯುವ ಹೊತ್ತಿಗೆ ಮೈ ಬಂತು, ಹೊಲಿಗೆ ಬಿಚ್ಚಿಸಿದ್ದೂ ಆಯಿತು. ಆ ಮಾಲಿಗೆ ಮಾತ್ರ ಅವರಿಬ್ಬರೇ ಹೋಗಿ ಬರುತ್ತಿದ್ದರು. ಬನ್ನಿ ಎಂದು ಹೆಂಡತಿಯೂ ಒತ್ತಾಯಿಸಲಿಲ್ಲ.