ಹೊಳೆಯುವ ಬದಿಗೆ ಕುಂಕುಮ

ಅಂಗಡಿಯ ಟಿವಿಯಲ್ಲೂ ಅವ್ವನ ಹಾಡು ಅದೇ ಜಾಗಕ್ಕೆ ಬಂದು ನಿಂತುಬಿಟ್ಟಿತು. ಕಳೆದ ವರ್ಷ ತೀರಿಕೊಂಡ ಅವ್ವ, ನಾನು ಬಸುರಿಯಾಗಿದ್ದಾಗ ಮಾಡಿದ ಕುಬಸದ ದಿನ ಹಾಡಿದ್ದು ಮೊಬೈಲಿನಲ್ಲಿ ಉಳಿದಿತ್ತು. ಅಷ್ಟು ಸಣ್ಣ ಪರದೆ ಅಪ್ಪನಿಗೆ ಸರಿಯಾಗಿ ಕಾಣದೆಂದು ಬೀದರಿನ ಈ ಅಂಗಡಿಯಲ್ಲಿ ಡಿವಿಡಿ ಮಾಡಿಸಿದ್ದೆ. ಮೊದಲ ಡಿಸ್ಕಿನಲ್ಲಿ ದನಿಯೇ ಬರಲಿಲ್ಲ. ಫಾರ್ಮ್ಯಾಟ್ ಬದಲಿಸಿ ಕೊಟ್ಟ ಎರಡನೆಯದು ಅಂಗಡಿಯಲ್ಲಿ ಚೆನ್ನಾಗಿ ಓಡಿ, ಎಕಂಬಾದ ನಮ್ಮ ಮನೆಯಲ್ಲಿ ನಡುವೆಯೇ ನಿಂತಿತ್ತು. ಅದಕ್ಕೇ ಅಪ್ಪನನ್ನೂ ಕರೆದುಕೊಂಡು ಮತ್ತೆ ಬಂದಿದ್ದೆ.

ಅಂಗಡಿಯ ಚಾಚಾ ಡಿಸ್ಕ್ ಹೊರತೆಗೆದು ಬೆಳಕಿಗೆ ಹಿಡಿದರು. ಪ್ಲೇಯರ್ ಓದುವ ಹೊಳೆಯುವ ಬದಿಯಲ್ಲಿ ಕುಂಕುಮದ ಬೊಟ್ಟು! ಮನೆಗೆ ಬಂದ ಫ್ರಿಜ್ಜಿಗೂ ಸೈಕಲ್ಲಿಗೂ ಅಪ್ಪ ಕುಂಕುಮ ಹಚ್ಚುವವರೇ. ಹಾಗಾಗಿ ಅದು ಕಣ್ಣೆದುರೇ ಇದ್ದರೂ ನನಗೆ ಕಂಡಿರಲಿಲ್ಲ.

“ಹೊಳಿಯೋ ಕಡಿಗೇ ಅದರ ಮಾರಿ ಅಂತ ತಿಳಕೊಂಡೆರಿ. ಅಕಿ ದನಿ ಇದರಾಗ ಅದ ಅಂತ ಪೂಜಾ ಮಾಡಿ ಹಚ್ಚಿದೆ,” ಎಂದು ಅಪ್ಪ ತಲೆ ತಗ್ಗಿಸಿದರು.

ಒರೆಸಲು ಎತ್ತಿಕೊಂಡಿದ್ದ ಬಟ್ಟೆಯನ್ನು ಚಾಚಾ ಮೆಲ್ಲಗೆ ಕೆಳಗಿಟ್ಟರು. “ಇದು ಪೂಜಾಕ್ಕೇ ಇರಲಿ ಬಿಡ್ರಿ ಕಾಕಾ. ಹಾಡು ಕೇಳಲಾಕ ಇನ್ನೊಂದು ಮಾಡಿ ಕೊಡ್ತೇನ್ರಿ.”

ಈಗ ಅಪ್ಪ ಹಾಡನ್ನು ಕೊನೆಯವರೆಗೂ ಕೇಳುತ್ತಾರೆ. ಕುಂಕುಮದ ಡಿಸ್ಕ್ ಅವ್ವನ ಫೋಟೊದ ಮುಂದಿದೆ. ಅಲ್ಲಿ ನಿಂತು ಕೈ ಮುಗಿಯುವಾಗಲೆಲ್ಲ, ಒರೆಸದೆ ಬಟ್ಟೆ ಕೆಳಗಿಟ್ಟ ಚಾಚಾಗೂ ಸೇರಿಸಿಯೇ ಮುಗಿಯುತ್ತೇನೆ.