ನೀರಿನಲ್ಲಿ ಕಂಡ ಮೆಟ್ಟಿಲುಗಳು

ನನ್ನ ಕೆಲಸವೇನೆಂದು ನೆಂಟರು ಕೇಳಿದರೆ 'ಪ್ರೋಟೀನು' ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ಲೋಳೆಯ ಮೇಲೆ ಸಂಶೋಧನೆ ನಡೆಸುತ್ತಿದ್ದಾಳೆಂದು ಊಟದ ಪಂಕ್ತಿಯಲ್ಲಿ ಹೇಳುವುದು ಸಭ್ಯತೆಯಲ್ಲವೆಂಬುದು ನನ್ನ ಭಾವನೆಯಾಗಿತ್ತು. ಅಮ್ಮನಿಗೆ ಮಾತ್ರ ನಿಜ ತಿಳಿಸಿದ್ದೆ.

"ಸಿಂಬ್ಳದಾಗೆ ಸಕ್ಕರೆ ಉಡುಕಕ್ಕೆ ಇಷ್ಟು ವರ್ಸ ಓದಿದ್ಯಾ?" ಎಂದಿದ್ದಳು.

ಹೌದು, ಅದಕ್ಕೇ. ಮೂಗು, ಕರುಳುಗಳ ಒಳಮೈಯನ್ನು ಕಾಯುವ ಲೋಳೆಯಲ್ಲಿ ಮ್ಯೂಸಿನ್ ಎಂಬ ಪ್ರೋಟೀನ್ ಇರುತ್ತದೆ. ಬಾಟಲಿ ತೊಳೆಯುವ ಬ್ರಷ್ಷನ್ನು ನೆನಪಿಸಿಕೊಳ್ಳಿ: ನಡುವಿನ ತಂತಿ ಪ್ರೋಟೀನು, ಸುತ್ತಲಿನ ಕೂದಲೆಲ್ಲ ಸಕ್ಕರೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಕರುಳಿನ ಜೀವಕೋಶಗಳಿಂದ ಮ್ಯೂಸಿನ್ ತೆಗೆದು, ಆ ಕೂದಲನ್ನು ಬಿಡಿಸಿ, ಯಂತ್ರದಲ್ಲಿ ತೂಗಿ, ಯಾವ ಸಕ್ಕರೆ ಎಷ್ಟು ಅಂಟಿದೆಯೆಂದು ಹೇಳುವುದು ನನ್ನ ಉದ್ಯೋಗ.

ತಪ್ಪಾದೀತೆಂಬ ಭಯ ನನಗೆ ಮೊದಲಿನಿಂದಲೂ ಇದೆ. ಯಲಹಂಕದ ಬಸ್ಸು ಹತ್ತಿದ ಮೇಲೂ ಅದು ಯಲಹಂಕಕ್ಕೇ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಕೇಳುತ್ತೇನೆ. ಆದ್ದರಿಂದ, ಯಾರೂ ಹೇಳದಿದ್ದರೂ, ಯಂತ್ರಕ್ಕೆ ಹಾಕುವ ಮುನ್ನ ದ್ರಾವಣವನ್ನು ಹತ್ತಿಯ ಮೂಲಕ ಇನ್ನೊಮ್ಮೆ ಸೋಸಿದೆ. ಪರದೆಯ ಮೇಲೆ ಸುಂದರವಾದ ಮೆಟ್ಟಿಲುಗಳು ಮೂಡಿದವು. ಪ್ರತಿಯೊಂದೂ ಹಿಂದಿನದಕ್ಕಿಂತ ಸರಿಯಾಗಿ ಒಂದು ಸಕ್ಕರೆಯಷ್ಟು ಭಾರ. ಮಾರ್ಗದರ್ಶಕಿಯ ಮುಂದೆ ನಡೆಯುವ ಶುಕ್ರವಾರದ ಸಭೆಗೆಂದು ಚಿತ್ರಕ್ಕೆ ಬಣ್ಣವನ್ನೂ ತುಂಬಿದೆ.

ಪಕ್ಕದ ಮೇಜಿನ ಫರೀದಾ ನನಗಿಂತ ಎರಡು ವರ್ಷ ಹಿರಿಯರು, ಆರ್.ಟಿ. ನಗರದವರು. ಚಿತ್ರವನ್ನು ನೋಡಿ ಹುಬ್ಬೇರಿಸಿದರು.

"ಮ್ಯೂಸಿನ್ ಇಷ್ಟು ಶಿಸ್ತಾಗಿರಲ್ಲ ಕಣೇ. ಬರೀ ನೀರ್ ಹಾಕಿ ಒಂದ್ಸಲ ಮಾಡಿದ್ಯಾ?"

ಮಾಡಿರಲಿಲ್ಲ. ಗುರುವಾರ ಮ್ಯೂಸಿನ್ ಬದಲು ನೀರನ್ನಿಟ್ಟು ಅವೇ ಹಂತಗಳನ್ನು ಮುಗಿಸಿದೆ. ಮೆಟ್ಟಿಲುಗಳು ಒಂದೂ ಕದಲದೆ ನಿಂತಿದ್ದವು. ಹತ್ತಿಯೂ ಸಕ್ಕರೆಗಳ ಸರಪಳಿಯೇ ಎಂದು ನಾನು ಪಿಯುಸಿಯಲ್ಲೇ ಬರೆದು ಅಂಕ ಪಡೆದಿದ್ದೇನೆ. ಸೋಸುವಾಗ ಅದರ ಸಕ್ಕರೆಯೇ ನೀರಿಗಿಳಿದಿತ್ತು. ಇಷ್ಟು ದಿನ ತೂಗಿದ್ದು ನನ್ನದೇ ಅತಿ ಎಚ್ಚರಿಕೆಯನ್ನು.

ಉಳಿದಿದ್ದದ್ದು ಒಂದೇ ಕೊಳವೆ ಮ್ಯೂಸಿನ್. ಅದೂ ಹಾಳಾದರೆ ಜೀವಕೋಶಗಳನ್ನು ಮೊದಲಿನಿಂದ ಬೆಳೆಸಿ ತಿಂಗಳುಗಟ್ಟಲೆ ಕಾಯಬೇಕು. ಶುಕ್ರವಾರ ಎದ್ದು ನಿಂತು ನೀರಿನ ಚಿತ್ರವನ್ನೇ ಮೊದಲು ತೋರಿಸಿದೆ. ಬರೆದಿಟ್ಟುಕೊಂಡಿದ್ದ ಸಂಭಾವಿತ ವಾಕ್ಯಗಳೆಲ್ಲ ಮರೆತುಹೋಗಿ, "ಇದು ನನ್ನ ಹತ್ತಿ, ಮೇಡಂ" ಎಂದಷ್ಟೇ ಬಾಯಿಗೆ ಬಂತು. ಫರೀದಾ ನಕ್ಕರು. ಮಾರ್ಗದರ್ಶಕಿ ನಗಲಿಲ್ಲ.

"ಇನ್ನೊಂದು ಕೊಳವೆ ಇದ್ಯಲ್ಲ, ಫರೀದಾಗೆ ಕೊಡ್ತೀಯಾ, ನೀನೇ ಮಾಡ್ತೀಯಾ?"

"ನಾನೇ ಮಾಡ್ತೀನಿ, ಮೇಡಂ."

ಹತ್ತಿಯಿಲ್ಲದೆ ಮಾಡಿದೆ. ಪಕ್ಕದಲ್ಲಿ ನೀರಿನ ಕೊಳವೆಯೂ ಇತ್ತು. ಈ ಸಲ ನೀರು ನೀರಾಗಿಯೇ ಉಳಿಯಿತು. ಮ್ಯೂಸಿನ್ನಿನ ಚಿತ್ರವೋ, ನಮ್ಮ ಕೊಡಿಗೇಹಳ್ಳಿಯ ಬೀದಿಯಂತೆಯೇ ಇತ್ತು: ಒಂದು ಹೆಂಚಿನ ಮನೆ, ಅದಕ್ಕೊತ್ತಿಕೊಂಡು ಐದಂತಸ್ತಿನ ಕಟ್ಟಡ, ಒಂದು ಖಾಲಿ ಸೈಟು, ಮತ್ತೆ ಕುಳ್ಳನೆಯ ಅಂಗಡಿ. ಅಷ್ಟು ಅಂದಗೆಟ್ಟ ಚಿತ್ರವನ್ನು ಅಷ್ಟು ಹೊತ್ತು ನಾನು ನೋಡಿದ್ದು ಅದೇ ಮೊದಲು.

ಮೊನ್ನೆ ಸೋದರತ್ತೆಯ ಮನೆಯ ಊಟದಲ್ಲಿ ಹಳೆಯ ಪ್ರಶ್ನೆ ಮತ್ತೆ ಬಂತು. "ಲೋಳೆ" ಎಂದೆ. ಹತ್ತಿಯ ಕಥೆಯನ್ನು ನನ್ನಿಂದ ಆಗಲೇ ಕೇಳಿದ್ದ ಅಮ್ಮ ಎದುರು ಸಾಲಿನಲ್ಲಿ ಅನ್ನ ಕಲಸುತ್ತಲೇ ಸೇರಿಸಿದಳು: "ಅದ್ರಾಗೆ ಸಕ್ಕರೆ ಐತಂತೆ. ಮೊದ್ಲು ನೀರ್ನಾಗೆ ಉಡುಕಿ, ಇಲ್ಲ ಅಂತ ಗೊತ್ ಮಾಡ್ಕಂಡು, ಆಮ್ಯಾಕೆ ಅದ್ರಾಗೆ ಉಡುಕ್ತಾಳೆ."

ಮಹಾಪ್ರಬಂಧದಲ್ಲಿ ನನ್ನ ವಿಧಾನವನ್ನು ವಿವರಿಸುವ ಅಧ್ಯಾಯಕ್ಕೆ ಇದಕ್ಕಿಂತ ಸರಿಯಾದ ವಾಕ್ಯವನ್ನು ನಾನಿನ್ನೂ ಹುಡುಕುತ್ತಿದ್ದೇನೆ.